ಗರ್ಭಕೋಶದ ಗೆಡ್ಡೆ ದೊಡ್ಡ ರಕ್ತನಾಳಕ್ಕೆ ಹತ್ತಿದೆ, ಆಪರೇಷನ್ ಮಾಡಿಸಬಹುದಾ?

ಕಿರಿಮಗಳು:
ಅಮ್ಮನಿಗೆ 58 ವರ್ಷ. ಕಾಲು ಊದಿಕೊಂಡಿತ್ತು, ರಕ್ತ ಹೆಪ್ಪುಗಟ್ಟಿದೆ ಅಂತ ಮಾತ್ರೆ ಕೊಟ್ಟರು. ಊತ ಇಳಿಯಲೇ ಇಲ್ಲ. ಈಗ ಬಯಾಪ್ಸಿಯಲ್ಲಿ ಲೋ ಗ್ರೇಡ್ ಎಂಡೋಮೆಟ್ರಿಯಲ್ ಸ್ಟ್ರೋಮಲ್ ಸಾರ್ಕೋಮಾ (ಗರ್ಭಕೋಶದ ಒಳಪದರದಲ್ಲಿ ನಿಧಾನವಾಗಿ ಬೆಳೆಯುವ ಒಂದು ಕ್ಯಾನ್ಸರ್) ಅಂತ ಬಂದಿದೆ. ಗೆಡ್ಡೆ ನಾಳದೊಳಗೇ ಬೆಳೆದು ಹೃದಯದವರೆಗೆ ಹೋಗಿದೆಯಂತೆ. ಒಬ್ಬ ಡಾಕ್ಟರು "ಇನ್ನೇನೂ ಮಾಡಕ್ಕಾಗಲ್ಲ" ಅಂದುಬಿಟ್ಟರು. ನಿಜವಾಗಲೂ ದಾರಿ ಇಲ್ವಾ?

ಥಿಯೇಟರ್ ಸಿಸ್ಟರ್:
ಒಬ್ಬರ ಮಾತಿಗೇ ಕೈಚೆಲ್ಲಬೇಡಮ್ಮ. ನಾನು ಹೃದಯದ ಆಪರೇಷನ್ ಥಿಯೇಟರಿನಲ್ಲಿ ನರ್ಸ್, ಇಂಥ ಕೇಸಿಗೆ ನಿಂತಿದ್ದೇನೆ. ಈ ಗೆಡ್ಡೆ ಗರ್ಭಕೋಶದ ಇಲ್ಲವೇ ಅಂಡಾಶಯದ ಸಿರೆಯೊಳಗೆ ನುಸುಳಿ, ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಸಿರೆ ವೀನಾ ಕೇವಾ ಸೇರಿ, ರಕ್ತ ಹರಿಯುವ ದಿಕ್ಕಿನಲ್ಲೇ ಮೇಲಕ್ಕೆ ಬೆಳೆಯುತ್ತೆ. ಎಷ್ಟೋ ಸಲ ನಾಳದ ಗೋಡೆಗೆ ಅಂಟಿರೋದೇ ಇಲ್ಲ. ಸರ್ಜನ್ ನಾಳ ಸೀಳಿ ಮೆಲ್ಲಗೆ ಎಳೆದಾಗ ಬೆಳ್ಳನೆಯ ಹಗ್ಗದ ಹಾಗೆ ಉದ್ದಕ್ಕೆ ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಆಗ ಯಾರೂ ಮಾತಾಡಲ್ಲ. ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಟೇಬಲ್ ಮೇಲೇ ಜೀವ ಹೋಗಬಹುದು. ಅದಕ್ಕೇ ಅರಿವಳಿಕೆ ಡಾಕ್ಟರು ಅನ್ನನಾಳದೊಳಗೆ ಎಕೋ ಪ್ರೋಬ್ (ಹೃದಯದ ಸ್ಕ್ಯಾನ್ ಮಾಡುವ ಕೊಳವೆ) ಇಳಿಸಿ ಹೃದಯದ ಮೇಲೆ ಕಣ್ಣಿಟ್ಟಿರುತ್ತಾರೆ. ಗೆಡ್ಡೆ ಹೃದಯದೊಳಗಿದ್ದರೆ ಹೃದಯ, ಶ್ವಾಸಕೋಶದ ಕೆಲಸವನ್ನು ಸ್ವಲ್ಪ ಹೊತ್ತು ತಾನೇ ಮಾಡುವ ಹಾರ್ಟ್-ಲಂಗ್ ಮಷೀನ್ ಬೇಕಾಗಬಹುದು. ಗೋಡೆಗೆ ಅಂಟಿದ್ದರೆ ಆ ಭಾಗ ಕತ್ತರಿಸಿ ಪ್ಯಾಚ್ ಅಥವಾ ಕೃತಕ ನಾಳ ಹಾಕುತ್ತಾರೆ.

ಲಿಯೋಮಯೋಸಾರ್ಕೋಮಾ (ಗರ್ಭಕೋಶದ ಸ್ನಾಯುವಿನ ಕ್ಯಾನ್ಸರ್) ಅಂತ ಬಂದಿದ್ದರೆ ಇಷ್ಟು ಧೈರ್ಯ ಹೇಳುತ್ತಿರಲಿಲ್ಲ, ಅದು ಬಹಳ ಉಗ್ರ. ಇದು ನಿಧಾನದ ಜಾತಿ. ಆದರೆ ಸ್ತ್ರೀರೋಗ ಕ್ಯಾನ್ಸರ್ ಸರ್ಜನ್, ರಕ್ತನಾಳದ ಸರ್ಜನ್, ಹೃದಯದ ಸರ್ಜನ್ ಮೂವರೂ ಒಂದೇ ಸೂರಿನಡಿ ಇರುವ ಆಸ್ಪತ್ರೆಗೇ ಹೋಗಿ. ಇಂಥದ್ದನ್ನು ಮೊದಲು ಮಾಡಿದ್ದೀರಾ ಅಂತ ನೇರವಾಗಿ ಕೇಳಿ. ಕೇಳೋದು ನಿಮ್ಮ ಹಕ್ಕು.

ಕಿರಿಮಗಳು:
ತುಂಬಾ ಥ್ಯಾಂಕ್ಸ್ ಸಿಸ್ಟರ್. ಅಮ್ಮ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನ್ ಮಾತ್ರೆ ತಗೋತಿದ್ದಾರೆ, ಮುಂದುವರಿಸಬಹುದಾ?

ನಾನೂ_ಇದೇ_ಕಾಯಿಲೆಯವಳು:
ಇದನ್ನು ಇವತ್ತೇ ಡಾಕ್ಟರಿಗೆ ಹೇಳಿ! ಈ ಗೆಡ್ಡೆ ಸಾಮಾನ್ಯವಾಗಿ ಈಸ್ಟ್ರೋಜನ್ನಿಂದಲೇ ಬೆಳೆಯೋದು. ನನಗೆ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರು, ಆಮೇಲೆ ಈಸ್ಟ್ರೋಜನ್ ತಗ್ಗಿಸೋ ಲೆಟ್ರೊಜೋಲ್ ಮಾತ್ರೆ ಕೊಟ್ಟರು. ವರ್ಷಗಳ ನಂತರವೂ ಮರುಕಳಿಸಬಹುದು ಅಂತ ಈಗಲೂ ಸ್ಕ್ಯಾನ್ ಮಾಡಿಸ್ತಾರೆ.

ಥಿಯೇಟರ್ ಸಿಸ್ಟರ್:
ಹೌದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಗೆಡ್ಡೆಯ ಸುತ್ತ ನಿಜವಾದ ಹೆಪ್ಪೂ ಇರಬಹುದು. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟ್ ಹಾಳೆ ಸಾಲದು. ಸ್ಕ್ಯಾನಿನ ಸಿಡಿ, ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಇಟ್ಟಿರುವ ಗೆಡ್ಡೆಯ ತುಣುಕು) ಕೇಳಿ ತಗೊಳ್ಳಿ. ಅಮ್ಮನಿಗೆ ಉಸಿರು ಕಟ್ಟಿದರೆ, ತಲೆಸುತ್ತಿ ಬಿದ್ದರೆ ಅಪಾಯಿಂಟ್‌ಮೆಂಟ್ ಕಾಯದೆ ನೇರ ಎಮರ್ಜೆನ್ಸಿಗೆ ಕರೆದೊಯ್ಯಿರಿ.