ಸಣಕಲು ಹುಡುಗನಿಗೆ ಫ್ಯಾಟಿ ಲಿವರ್ ಹೇಗೆ ಬಂತು?

ಪ್ರಶ್ನೆ (ಡೊಂಬಿವಲಿಯ ತಾಯಿ): ನಮಸ್ಕಾರ ಡಾಕ್ಟ್ರೇ. ಮಗನಿಗೆ 8 ವರ್ಷ, 22 ಕಿಲೋ. ಸಣಕಲು, ಆದರೆ ಹೊಟ್ಟೆ ಮುಂದೆ. ಸ್ಕೂಲ್ ಶರ್ಟಿನ ಕೆಳಗಿನ ಗುಂಡಿ ಎಳೆದು ಹಾಕಬೇಕು. ಸೋನೋಗ್ರಫಿಯಲ್ಲಿ ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು), ಲಿವರ್ ದೊಡ್ಡದಾಗಿದೆ ಅಂತ ಬಂತು. ಲಿವರ್ ಟೆಸ್ಟ್ ಎಸ್‌ಜಿಪಿಟಿ 104, ಕೆಟ್ಟ ಕೊಲೆಸ್ಟರಾಲ್ ಎಲ್‌ಡಿಎಲ್ 196, ಒಳ್ಳೆಯ ಕೊಲೆಸ್ಟರಾಲ್ ಎಚ್‌ಡಿಎಲ್ 27. ವಡಾಪಾವ್ ಬಿಡಿಸಿ ಅಂದರು. ಅವನು ತಿನ್ನುವುದೇ ತಿಂಗಳಿಗೊಂದು! ಆರು ತಿಂಗಳಿಂದ ಮನೆಯಲ್ಲಿ ಬಾಣಲೆಯೇ ಇಟ್ಟಿಲ್ಲ. ರಿಪೋರ್ಟ್ ಹಾಗೇ ಇದೆ. ಅತ್ತೆ ನನ್ನ ಅಡುಗೆಯನ್ನೇ ಬೈಯುತ್ತಾರೆ.

ಉತ್ತರ (ಮಕ್ಕಳ ಡಾಕ್ಟರ್, ಮಾಟುಂಗಾ): ನಿಮ್ಮ ಅಡುಗೆಯ ತಪ್ಪಲ್ಲಮ್ಮಾ ಅನ್ನಿಸುತ್ತದೆ. ಮಕ್ಕಳ ಫ್ಯಾಟಿ ಲಿವರ್‌ಗೆ ಹೆಚ್ಚಾಗಿ ಬೊಜ್ಜೇ ಕಾರಣ, ನಿಜ. ಆದರೆ ಮಗು ಸಣ್ಣಗಿದ್ದು, ಎಲ್‌ಡಿಎಲ್ ಇಷ್ಟು ಜಾಸ್ತಿ, ಎಚ್‌ಡಿಎಲ್ ಇಷ್ಟು ಕಡಿಮೆ ಅಂದರೆ ಒಂದು ಎನ್‌ಜೈಮ್ ಕೊರತೆಯನ್ನು ಹುಡುಕಲೇಬೇಕು. ಲೈಸೋಸೋಮಲ್ ಆಸಿಡ್ ಲೈಪೇಸ್, ಚಿಕ್ಕದಾಗಿ ಎಲ್‌ಎಎಲ್.

ಜೀವಕೋಶದೊಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿವೆ. ರಕ್ತದಿಂದ ಬಂದ ಕೊಬ್ಬನ್ನು ಅಲ್ಲಿ ಒಡೆಯುವುದು ಈ ಎನ್‌ಜೈಮ್. ಅದು ಕಡಿಮೆಯಾದರೆ ಕೊಬ್ಬು ಚೀಲದಲ್ಲೇ ಉಳಿದು ಲಿವರ್ ಊದುತ್ತದೆ. ತಮಾಷೆ ಏನಂದರೆ, ಕೊಲೆಸ್ಟರಾಲ್ ಒಳಗೆ ತುಂಬಿದ್ದರೂ ಕೋಶಕ್ಕೆ ಅದು ಗೊತ್ತೇ ಆಗುವುದಿಲ್ಲ. ಡಬ್ಬಿ ತುಂಬ ಸಕ್ಕರೆ ಇದ್ದೂ ಮುಚ್ಚಳ ಬಿಚ್ಚಲಾಗದೆ ಮತ್ತೆ ಅಂಗಡಿಗೆ ಓಡಿದ ಹಾಗೆ, ಇನ್ನಷ್ಟು ತಯಾರಿಸುತ್ತದೆ. ಅದಕ್ಕೇ ಎಲ್‌ಡಿಎಲ್ ಏರುವುದು.

ನಿಮ್ಮದು ಸಂಬಂಧದಲ್ಲೇ ಮದುವೆಯಾ?

ತಾಯಿ: ಹೌದು, ಸೋದರತ್ತೆ ಮಗ. ಬೈಯುವ ಅತ್ತೆ ನನ್ನಪ್ಪನ ಅಕ್ಕನೇ!

ಡಾಕ್ಟರ್: ಹಾಗಿದ್ದರೆ ನಿಮ್ಮ ಅಜ್ಜ-ಅಜ್ಜಿಯರಲ್ಲಿ ಒಬ್ಬರ ಕೆಟ್ಟ ಲೈಪಾ ಜೀನ್ (ಈ ಎನ್‌ಜೈಮ್ ತಯಾರಿಸುವ ಜೀನ್) ನಿಮ್ಮ ಅಪ್ಪ ಮತ್ತು ಅತ್ತೆಯ ಮೂಲಕ ನಿಮ್ಮಿಬ್ಬರಿಗೂ ಬಂದಿರಬಹುದು. ಎರಡು ಕಡೆಯಿಂದಲೂ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಅತ್ತೆಯ ಹತ್ತಿರ ಸ್ವಲ್ಪ ನಿಧಾನವಾಗಿ ಹೇಳಿ.

ಥಾಣೆ ನಗರದ ಇನ್ನೊಬ್ಬರು: ನೆಲನೆಲ್ಲಿ ಕಷಾಯ ಕೊಡಬಹುದಾ? ನಮ್ಮೂರಲ್ಲಿ ಕಾಮಾಲೆಗೆ ಅದೇ.

ಡಾಕ್ಟರ್: ಇಲ್ಲದ ಎನ್‌ಜೈಮನ್ನು ಕಷಾಯ ತಂದುಕೊಡುವುದಿಲ್ಲ. ಸುಮ್ನೆ ತಿಂಗಳುಗಳು ಹೋಗುತ್ತವೆ, ಅಷ್ಟರಲ್ಲಿ ಲಿವರ್ ಗಟ್ಟಿಯಾಗಿ ಸಿರೋಸಿಸ್‌ವರೆಗೆ ಹೋಗಬಹುದು. ಸ್ಟ್ಯಾಟಿನ್ ಮಾತ್ರೆ ಎಲ್‌ಡಿಎಲ್ ಇಳಿಸೀತು, ಮೂಲ ಕೊರತೆ ಹಾಗೇ ಇರುತ್ತದೆ. ಈ ಎನ್‌ಜೈಮನ್ನೇ ಕೊಡುವ ಸೆಬೆಲಿಪೇಸ್ ಆಲ್ಫಾ ಇಂಜೆಕ್ಷನ್‌ಗೆ 2015ರಲ್ಲಿ ಅಮೆರಿಕ, ಯುರೋಪ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಈ ವಯಸ್ಸಿನ ಮಕ್ಕಳಿಗೆ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ. ಬೆಲೆ ಮಾತ್ರ ವಿಪರೀತ. ಆ ಮಾತು ರೋಗ ಖಚಿತವಾದ ಮೇಲೆ. ಅಪರೂಪದ ಕಾಯಿಲೆಗಳಿಗೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮುಂಬೈ ಪರೇಲ್‌ನ ಕೆಇಎಂ ಆಸ್ಪತ್ರೆ ಒಂದು, ಅಲ್ಲಿ ವಿಚಾರಿಸಬಹುದು.

ತಾಯಿ: ಪರೀಕ್ಷೆ ದೊಡ್ಡದಾ? ಸೂಜಿ ಕಂಡರೆ ಮಂಚದ ಕೆಳಗೆ ಹೋಗುತ್ತಾನೆ.

ಡಾಕ್ಟರ್: ಕೆಲವು ಹನಿ ರಕ್ತ. ದಪ್ಪ ಬ್ಲಾಟಿಂಗ್ ಪೇಪರಿನಂಥ ಕಾರ್ಡಿನ ಮೇಲೆ ಹಾಕಿ, ಒಣಗಿಸಿ ಲ್ಯಾಬಿಗೆ ಕಳಿಸುತ್ತಾರೆ. ಎನ್‌ಜೈಮ್ ಕಡಿಮೆ ಬಂದರೆ ಜೀನ್ ಪರೀಕ್ಷೆ. ಜೊತೆಗೆ ವಿಲ್ಸನ್ ಕಾಯಿಲೆಗೂ (ಮೈಯಲ್ಲಿ ತಾಮ್ರ ಸೇರಿಕೊಳ್ಳುವ ಕಾಯಿಲೆ) ನೋಡಲಿ, ಅದರಲ್ಲೂ ಲಿವರ್ ಹೀಗೆ ಕಾಣಬಹುದು. ಇನ್ನೊಂದು ಕೇಳಬೇಕಿತ್ತು: ಬೆಳಿಗ್ಗೆ ತಿಂಡಿ ತಡವಾದರೆ ಬೆವರಿ ನಡುಗುತ್ತಾನಾ? ಹಣ್ಣು, ಸಿಹಿ ತಿಂದರೆ ವಾಂತಿಯಾ? ಅದಾದರೆ ಬೇರೆ ಎನ್‌ಜೈಮ್‌ಗಳ ಕಡೆ ನೋಡಬೇಕು.

ತಾಯಿ: ಎರಡೂ ಇಲ್ಲ. ಜಿಲೇಬಿ ಕೊಟ್ಟರೆ ಪ್ಲೇಟನ್ನೂ ನೆಕ್ಕುತ್ತಾನೆ. 3 ವರ್ಷದ ಮಗಳೂ ಇದ್ದಾಳೆ.

ಡಾಕ್ಟರ್: ಮೊದಲು ಅವನದು ಬರಲಿ. ಖಚಿತವಾದರೆ ಅವಳಿಗೂ ಅದೇ ಕಾರ್ಡ್. ಚೀಟಿಯಲ್ಲಿ ‘ಎಲ್‌ಎಎಲ್ ಎನ್‌ಜೈಮ್, ಒಣ ರಕ್ತದ ಚುಕ್ಕೆ’ ಅಂತ ಬರೆಸಿಕೊಳ್ಳಿ. ಹಳೇ ಸೋನೋಗ್ರಫಿ ರಿಪೋರ್ಟ್ ಮರೀಬೇಡಿ.