ಟಿಬಿ ಮಾತ್ರೆ, ಹಳದಿ ಕಣ್ಣು, ಕೆಂಪು ಮೂತ್ರ: ಡಾಕ್ಟರನ್ನು ಕೇಳಿ

ಮಂಜುನಾಥ: ಸರ್, ಮಾತ್ರೆ ಶುರುವಾದಾಗಿನಿಂದ ಮೂತ್ರ ಕೆಂಪಗೆ ಹೋಗ್ತಿದೆ. ರಕ್ತನಾ?

ಡಾಕ್ಟರ್: ಅಲ್ಲ. ಟಿಬಿ ಮಾತ್ರೆಯಲ್ಲಿರೋ ರಿಫಾಂಪಿಸಿನ್ ಅನ್ನೋ ಔಷಧದ ಬಣ್ಣ. ಬೆವರು, ಕಣ್ಣೀರಿಗೂ ಬರುತ್ತೆ. ಮಾತ್ರೆ ಬಿಡಬೇಡಿ.

ರೇಣುಕಾ: ನಮ್ಮ ಭಾವನವರು 52 ಕೆಜಿ, ದಿನಕ್ಕೆ 4 ಮಾತ್ರೆ, ಐದನೇ ವಾರ. ಮೂರು ದಿನದಿಂದ ವಾಂತಿ, ಊಟ ಸೇರ್ತಿಲ್ಲ, ಕಣ್ಣು ಹಳದಿ ಅನ್ಸುತ್ತೆ. ಮಧ್ಯದಲ್ಲಿ ಬಿಡಬಾರದು ಅಂತ ಮಾತ್ರೆ ಕೊಡ್ತಾ ಇದ್ದೀವಿ. ಜೊತೆಗೆ ವಾಟ್ಸಾಪಲ್ಲಿ ಬಂದ ಅಮೃತಬಳ್ಳಿ ಕಷಾಯ.

ಡಾಕ್ಟರ್: ರೇಣುಕಾ ಅವರೇ, ಇವತ್ತಿನ ಮಾತ್ರೆ ಕೊಡಬೇಡಿ. ಕಷಾಯವೂ ಬೇಡ. ಬಿಸಿಲಲ್ಲಿ ನಿಲ್ಲಿಸಿ ಕೆಳರೆಪ್ಪೆ ಎಳೆದು ಬಿಳಿಗುಡ್ಡೆ ನೋಡಿ, ಟ್ಯೂಬ್‌ಲೈಟಲ್ಲಿ ಗೊತ್ತಾಗಲ್ಲ. ಮೂತ್ರದ ಬಣ್ಣ ನಂಬಬೇಡಿ, ಅದು ಹೇಗೂ ಕೆಂಪು. ಹಳದಿ ಕಾಣಲಿ ಬಿಡಲಿ, ಈ ವಾಂತಿಗೆ ಇವತ್ತೇ ಆಸ್ಪತ್ರೆಗೆ ಹೋಗಬೇಕು. ಮಂಪರು, ತೊದಲು ಮಾತು ಇದ್ದರೆ ನೇರ ಎಮರ್ಜೆನ್ಸಿಗೆ.

ಒಂದೇ ಮಾತ್ರೆಯಲ್ಲಿ ನಾಲ್ಕು ಔಷಧ ಇವೆ: ಐಸೋನಿಯಜಿಡ್ 75, ರಿಫಾಂಪಿಸಿನ್ 150, ಪೈರಜಿನಮೈಡ್ 400, ಎಥಾಂಬುಟಾಲ್ 275 ಮಿಗ್ರಾಂ. ಮೊದಲ ಮೂರೂ ಲಿವರ್‌ಗೆ ಪೆಟ್ಟು ಕೊಡಬಲ್ಲವು, ಒಂದನ್ನು ಮಾತ್ರ ತೆಗೆಯೋಕೆ ಬರಲ್ಲ. ಹಾಗಾಗಿ ಪೂರ್ತಿ ನಿಲ್ಲಿಸೋದು. ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣ), ಎಎಲ್‌ಟಿ (ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರೋ ಕಿಣ್ವ), ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಅಂತ), ಹೆಪಟೈಟಿಸ್ ಪರೀಕ್ಷೆ ಮಾಡಿಸ್ತಾರೆ. ವಾಂತಿ ಇದ್ದು ಎಎಲ್‌ಟಿ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದರೆ ಔಷಧ ನಿಂತೇ ಇರುತ್ತೆ. ಎರಡು ಪಟ್ಟಿಗಿಂತ ಇಳಿದ ಮೇಲೆ ಒಂದೊಂದು ಔಷಧದ ಬೇರೆ ಬೇರೆ ಮಾತ್ರೆಗಳಲ್ಲಿ, ಕೆಲವು ದಿನದ ಅಂತರದಲ್ಲಿ ಒಂದೊಂದೇ ಮತ್ತೆ ಶುರು ಮಾಡ್ತಾರೆ. ಸಾಮಾನ್ಯವಾಗಿ ರಿಫಾಂಪಿಸಿನ್ ಮೊದಲು, ಪೈರಜಿನಮೈಡ್ ಕೊನೆಗೆ; ಕೆಲವರಿಗೆ ಅದು ಬೇಡವೇ ಬೇಡ. ಮನೆಯಲ್ಲೇ ನೀವಾಗಿ ಮತ್ತೆ ಶುರು ಮಾಡಬೇಡಿ. ಅವರು ಕುಡೀತಾರಾ? ಮುಚ್ಚಿಡದೆ ಅಲ್ಲಿ ಹೇಳಿ.

ಬಸವರಾಜ್: ಅಮೃತಬಳ್ಳಿ ಲಿವರ್‌ಗೆ ಒಳ್ಳೇದು ಸರ್. ಅಜ್ಜಿ ಕಾಲದ್ದು.

ಡಾಕ್ಟರ್: ಅಮೃತಬಳ್ಳಿಯಿಂದಲೇ ಲಿವರ್ ಕೆಟ್ಟ ಕೇಸುಗಳು ದಾಖಲಾಗಿವೆ. ಆ ಫಾರ್ವರ್ಡ್ ಇಲ್ಲಿ ಮತ್ತೆ ಹಾಕಬೇಡಿ.

ಸಾವಿತ್ರಿ: ಸರ್, ಮನೆಯಲ್ಲಿ 4 ವರ್ಷದ ಮಗು ಇದೆ. ಅದಕ್ಕೂ ಮಾತ್ರೆ ಕೊಡಬೇಕಾ?

ಬಸವರಾಜ್: ಮೊದಲು ತಟ್ಟೆ ಲೋಟ ಬೇರೆ ಮಾಡಿ.

ಶೈಲಜಾ: ತಟ್ಟೆಯಿಂದ ಟಿಬಿ ಹರಡಲ್ಲ, ಕೆಮ್ಮಿದ ಗಾಳಿಯಿಂದ ಹರಡುತ್ತೆ. ಕಿಟಕಿ ತೆಗೀರಿ, ರೋಗಿಗೆ ಮಾಸ್ಕ್ ಹಾಕಿಸಿ. ಮನೆಯವರನ್ನೇ ಮುಟ್ಟಿಸಿಕೊಳ್ಳದ ಹಾಗೆ ಮಾಡ್ತೀರಲ್ಲ!

ಬಸವರಾಜ್: ಅಷ್ಟು ಗೊತ್ತಿದ್ರೆ 2025ಕ್ಕೆ ಟಿಬಿ ಮುಕ್ತ ಅಂದಿದ್ದು ಏನಾಯ್ತು ಹೇಳಿ.

ಶೈಲಜಾ: ಮುಕ್ತ ಅಂದ್ರೆ ಸೊನ್ನೆ ಅಲ್ಲ. 2015ಕ್ಕೆ ಹೋಲಿಸಿ ಹೊಸ ಕೇಸು ಶೇ 80, ಸಾವು ಶೇ 90 ಇಳಿಸೋದು. ಜಗತ್ತಿಗೆ 2030ರ ಗಡುವು, ನಾವು ಐದು ವರ್ಷ ಮೊದಲೇ ಅಂತ ಹಾಕ್ಕೊಂಡ್ವಿ. 2023ರಲ್ಲಿ ಜಗತ್ತಲ್ಲಿ 1.08 ಕೋಟಿ ಜನಕ್ಕೆ ಟಿಬಿ ಬಂತು, ಅದರಲ್ಲಿ ಶೇ 26 ನಮ್ಮ ದೇಶದ್ದೇ.

ಬಸವರಾಜ್: ಅಂಕಿ ಸಂಖ್ಯೆ ಎಲ್ಲರೂ ಹೇಳ್ತಾರೆ ಬಿಡಿ ಮೇಡಂ.

ಇರ್ಫಾನ್: ಟಿಬಿ ರೋಗಿಗೆ ಸರ್ಕಾರ ಕೊಡೋ ಪೌಷ್ಟಿಕ ಆಹಾರದ ದುಡ್ಡು ಎಷ್ಟು?

ಡಾಕ್ಟರ್: ತಿಂಗಳಿಗೆ 1000 ರೂಪಾಯಿ, 2024ರ ನವೆಂಬರ್‌ನಿಂದ. ಮೊದಲು 500 ಇತ್ತು.

ಗಿರೀಶ್: ಮೂತ್ರ ಕೆಂಪು ಬಂದ್ರೆ ಮಾತ್ರೆ ನಿಲ್ಲಿಸ್ಬೇಕಾ ಸರ್?

ಡಾಕ್ಟರ್: ಮೇಲೆ ಓದಿ.

ರೇಣುಕಾ: ಆಟೋ ಬಂತು ಸರ್. ಕಷಾಯದ ಬಾಟಲಿ ತಗೊಂಡು ಹೋಗ್ಲಾ?

ಡಾಕ್ಟರ್: ತಗೊಂಡು ಹೋಗಿ. ಮಾತ್ರೆ ಸ್ಟ್ರಿಪ್ಪನ್ನೂ.

ಸಾವಿತ್ರಿ: ಸರ್, ಮಗುವಿನ ವಿಷಯ ಕೇಳಿದ್ದೆ...