ಸಹಾಯ ಬೇಕು: ರಾಯಚೂರಿನಲ್ಲಿ ಕುಡಿತ ಬಿಟ್ಟವರ ಮೀಟಿಂಗ್ ಎಲ್ಲಿ ನಡೆಯುತ್ತದೆ?

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಕುಡಿತ ಬಿಡಲು ಚಿಕಿತ್ಸೆ ತಗೊಂಡು ಈಗ ಮನೆಯಲ್ಲಿದ್ದಾರೆ. ಹಗಲು ಹೇಗೋ ಕಳೆಯುತ್ತದೆ. ಸಂಜೆ ಆಯ್ತೆಂದರೆ ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗುತ್ತಾರೆ, ಮತ್ತೆ ಬಂದು ಕೂರುತ್ತಾರೆ. ನೋಡಿದರೆ ಕರುಳು ಚುರ್ ಅನ್ನುತ್ತದೆ.

ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರಿ ಮಾತಾಡುವ ಆಲ್ಕೋಹಾಲಿಕ್ಸ್ ಅನಾನಿಮಸ್ ಮೀಟಿಂಗ್‌ಗೆ ಫೀಸಿಲ್ಲ, ಕುಡಿತ ಬಿಡುವ ಮನಸ್ಸಿದ್ದರೆ ಸಾಕು. ರಾಯಚೂರು, ಮಾನ್ವಿ, ಸಿಂಧನೂರು ಕಡೆ ಎಲ್ಲಾದರೂ ನಡೆಯುತ್ತಿದ್ದರೆ ಜಾಗ, ವಾರ, ಸಮಯ ತಿಳಿಸಿ. ಕನ್ನಡದಲ್ಲೇ ನಡೆಯಬೇಕು. ಇಂಗ್ಲಿಷ್ ಕೇಳಿದರೆ ಅಣ್ಣ ಸುಮ್ನೆ ಎದ್ದು ಬಂದುಬಿಡುತ್ತಾರೆ. ಚಟ ಬಿಡುವವರಿಗೆ 14446 ಸಹಾಯವಾಣಿ ಇದೆ, ನಿಜ. ಆದರೆ ಅದೇ ಕಷ್ಟ ದಾಟಿದವರ ಎದುರು ಕೂತು ಮಾತಾಡೋದೇ ಬೇರೆ, ಅಲ್ವಾ?

ಮನೆಯವರಿಗಾಗಿ ಅಲ್-ಅನಾನ್ ಗುಂಪಿದ್ದರೆ ಅದನ್ನೂ ಹೇಳಿ. ಅತ್ತಿಗೆ ತುಂಬಾ ಸೋತಿದ್ದಾರೆ. ಇಲ್ಲಿ ಬರೆಯಲು ಸಂಕೋಚವಾದರೆ ನನಗೆ ಮೆಸೇಜ್ ಮಾಡಿ.